ದೊರೆಯ ಹೂ, ಅಪ್ಪನ ಕಿವಿ

ಉಶ್‌ಹಾ
ನಾಲ್ಕು ಕಾನ್ ದಿನ, ಜೋಳದ ದಂಟು ಬಗ್ಗಿಸುವ ಕಾಲ

ತಮ್ಮ ಬಾತ್ಸ್‌ಗೆ,

ಇಲ್ಲಿ ಕ್ಷೇಮವಿಲ್ಲ. ಅಲ್ಲಿ ನೀನು ಕ್ಷೇಮವಾಗಿದ್ದರೆ ನನಗೆ ಸಿಟ್ಟು ಬರುತ್ತದೆ.

ನೀನು ಉಣ್ಣುತ್ತಿರುವ ಊರಿನ ಜನ ಮೊನ್ನೆ ಮುಂಜಾವಿನ ಮಂಜಿನಲ್ಲಿ ನಮ್ಮ ಕೆರೆಯ ಏರಿ ಹತ್ತಿ ಬಂದು ಅಪ್ಪನನ್ನು ಹಿಡಿದುಕೊಂಡು ಹೋದರು. ಹಿಡಿದದ್ದು ಹಸಿರುಕಲ್ಲು ಕುಯ್ಯುವ ಮುದುಕನನ್ನು ಎಂದು ಅವರಿಗೆ ಗೊತ್ತಿಲ್ಲ. ಉಶ್‌ಹಾದ ದೊರೆ ಯಾಶ್ ಮುತ್ತೇ ಸಿಕ್ಕಿಬಿದ್ದನೆಂದು ಶಂಖ ಊದಿಕೊಂಡು ಹೋದರು. ದೊರೆ ದೊರೆತನೆಂಬ ಸಂಭ್ರಮ ಅವರಿಗೆ. ದೊರೆ ದೊರೆತಿಲ್ಲ. ಅರಮನೆಯ ಹಿತ್ತಿಲಕೋಣೆಯಲ್ಲಿ ಕೂತು ನೊರೆ ಬರಿಸಿದ ಕೋಕೋ ಕುಡಿಯುತ್ತಿದ್ದಾನೆ.

ಹೇಗಾಯಿತು ಎಂದು ಕೇಳುತ್ತೀಯ. ದೊರೆಯ ಹಳೆಯ ಕಿವಿಹೂಗಳು ಸೀಳಿಹೋಗಿ, ಹೊಸ ಜೋಡಿಯೊಂದನ್ನು ಅಪ್ಪ ಆಗಷ್ಟೇ ಮುಗಿಸಿದ್ದ. ಎರಡೂ ಒಂದೇ ಕಲ್ಲಿನಿಂದ ಕುಯ್ದದ್ದು, ನಾಲ್ಕು ದಳ, ಅಂಗೈಯಗಲ, ಮುಂದಕ್ಕೆ ಬಾಗದಂತೆ ಕಿವಿಯ ಹಿಂದೆ ಕಟ್ಟಲು ತೂಕದ ಮಣಿ. ಪ್ರತಿ ಹೂವಿನ ಕೊರಳನ್ನೂ ಅವನು ತನ್ನ ಕಿವಿಯಲ್ಲೇ ತೂರಿಸಿ ಅಳತೆ ನೋಡುತ್ತಿದ್ದ ಎಂಬುದು ನಿನಗೆ ಗೊತ್ತೇ ಇದೆ. ನಲವತ್ತು ವರ್ಷ ದೊಡ್ಡವರ ಹೂ ಸಿಗಿಸಿ ತೆಗೆದು, ಸಿಗಿಸಿ ತೆಗೆದು, ಅವನ ಕಿವಿಯ ಹಾಲೆ ದೊರೆಗಳದ್ದರಂತೆಯೇ ಜೋತುಬಿದ್ದಿತ್ತು. ಆ ತೂತಿನೊಳಗೆ ಮಾತ್ರ ಬರೀ ಮರದ ಬೆಣೆ.

ಹಿಂದಿನ ಸಂಜೆ ಯಾಶ್ ಮುತ್ ಕರೆಸಿಕೊಂಡು, ಹೂ ಹೊಸದು, ಮಾಡಿದವನ ಉಸಿರು ಒಂದು ದಿನ ತಗುಲಿದರೆ ಹದಕ್ಕೆ ಬರುತ್ತದೆ, ನಾನು ಉಪವಾಸದಲ್ಲಿದ್ದೇನೆ, ನಾಳೆ ಕೆರೆಗೆ ಧೂಪ ಹಾಕುವ ಶಾಸ್ತ್ರಕ್ಕೆ ನೀನೇ ಇದನ್ನು ತೊಟ್ಟು ನನ್ನ ಪಲ್ಲಕ್ಕಿಯಲ್ಲಿ ಹೋಗಿ ಬಾ ಎಂದನಂತೆ. ಅಪ್ಪ ಮನೆಗೆ ಬಂದವನು ಎಲೆಗಡುಬು ಮುಟ್ಟಲಿಲ್ಲ. ನೀರಿನ ಬೋಗುಣಿಯಲ್ಲಿ ಬಗ್ಗಿ ಬಗ್ಗಿ ಮುಖ ನೋಡಿಕೊಂಡ. ಬೆಳಗಾಗುತ್ತಲೇ ಪಲ್ಲಕ್ಕಿಯಲ್ಲಿ ಕೂತು ಹೊರಟ. ಎದುರಿಗೆ ಬಂದ ನಿನ್ನೂರಿನವರು ಮುಖ ನೋಡಲಿಲ್ಲ, ಕಿವಿ ನೋಡಿದರು.

ಕಿವಿಗೆ ಹೂ ಇಡುವುದು ಎಂದು ನಾವು ಬಾಯಿಮಾತಿಗೆ ಅನ್ನುತ್ತೇವೆ. ಈ ದೊರೆ ನಿಜವಾಗಿಯೂ ಇಟ್ಟ.

ನೀನು ಆ ಊರಿನಲ್ಲಿ ಕಲ್ಲು ಕೆತ್ತಿ ಹೆಸರು ಮಾಡಿದವನಲ್ಲವೇ? ಬಾಯಿ ಬಿಡು. ಆ ಮುದುಕ ದೊರೆಯಲ್ಲ, ನಮ್ಮಪ್ಪ ಎಂದು ಹೇಳು. ದೊರೆ ಸಿಕ್ಕರೆ ತಲೆ ತೆಗೆಯುತ್ತಾರೆ, ಕಲ್ಲುಕೆಲಸದವನು ಸಿಕ್ಕರೆ ಕೈಗೆ ಕಲ್ಲು ಕೊಡುತ್ತಾರೆ. ನೀನೂ ಅಪ್ಪನೂ ಮಾತು ಬಿಟ್ಟು ಆರು ವರ್ಷವಾಯಿತು. ಅವನ ಹತ್ತಿರ ಆಡುವುದು ಬೇಡ, ಅವನ ಪರವಾಗಿ ಆಡು.

ಇದನ್ನು ಉಪ್ಪು ಹೊರುವ ಕೂಚ್ ಕೈಯಲ್ಲಿ ಕಳಿಸುತ್ತಿದ್ದೇನೆ. ಯುದ್ಧವೇ ಇರಲಿ, ಉಪ್ಪಿಲ್ಲದೆ ಎರಡೂ ಊರಿನವರಿಗೆ ಗಂಜಿ ಇಳಿಯುವುದಿಲ್ಲ. ಅವನನ್ನು ಯಾರೂ ತಡೆಯುವುದಿಲ್ಲ.

ನಿನ್ನ ಅಕ್ಕ,
ಇಶ್ ಮುಯಾಲ್


ಸಾಕ್‌ವಿಟ್ಸ್
ಹತ್ತು ಅಕ್‌ಬಲ್

ಅಕ್ಕಾ,

ನಿನ್ನ ಓಲೆ ಮುಟ್ಟಿತು. ಕಿವಿಗೆ ಹಾಕುವ ಓಲೆಯಾಗಿದ್ದರೆ ಹಾಲೆ ಹರಿದುಹೋಗುತ್ತಿತ್ತು, ಅಷ್ಟು ಭಾರ.

ಕೂಚ್ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಸೆರೆಯವರನ್ನು ತಂದ ದಿನ ನಾನೂ ಜನರ ನಡುವೆ ನಿಂತಿದ್ದೆ. ಮುಂದಿನವನನ್ನು ಮೆಟ್ಟಿಲ ಮೇಲೆ ಕೂರಿಸಿ ಮೊದಲು ಹೂವಿಗೆ ಕೈ ಹಾಕಿದರು. ಮೈಮೇಲಿನ ಬಟ್ಟೆ ಆಮೇಲೆ; ಮೊದಲು ಕಿವಿ ಬೋಳಾಗಬೇಕು. ಕಿವಿ ಬೋಳಾದವನ ಮಾತನ್ನು ಮನುಷ್ಯರೂ ಕೇಳುವುದಿಲ್ಲ, ದೇವರೂ ಕೇಳುವುದಿಲ್ಲ. ಎಳೆಯುತ್ತಿದ್ದ ಸಿಪಾಯಿ ಅವಸರದವನು. ಆಗ ಮೆಟ್ಟಿಲ ಮೇಲಿಂದ ಒಂದು ಗದರಿಕೆ ಕೇಳಿಸಿತು.

"ಮೊದ್ಲು ಹಿಂದಿನ ತೂಕದ ಮಣಿ ಬಿಚ್ಚೋ, ದಡ್ಡ ಮುಂಡೇದೇ! ಕಲ್ಲು ಸೀಳಿಬಿಟ್ಟೀತು."

ಕಿವಿ ಹರಿದು ರಕ್ತ ಸುರಿಯುತ್ತಿದೆ, ಚಿಂತೆ ಕಲ್ಲಿನದು. ಇಡೀ ಲೋಕದಲ್ಲಿ ಹೀಗೆ ಬೈಯುವ ಮನುಷ್ಯ ಒಬ್ಬನೇ. ಆ ಬೈಗುಳದ ಕೆಳಗೇ ನಾನು ಬೆಳೆದದ್ದು.

ಹೂ ತೆಗೆದು ಆ ತೂತಿಗೆ ಉದ್ದನೆಯ ಕಾಗದದ ಪಟ್ಟಿ ತೂರಿಸಿ ಹೆಗಲವರೆಗೆ ಇಳಿಬಿಟ್ಟರು. ಗಾಳಿಗೆ ಅದು ಪಟಪಟ ಅನ್ನುತ್ತಿತ್ತು. ಜನ ನಕ್ಕರು. ನಮ್ಮ ದೊರೆ ಟೋಕ್ ಹಿಶ್ ಎಲ್ಲರಿಗಿಂತ ಜೋರಾಗಿ ನಕ್ಕ, ಹಲ್ಲಿಗೆ ಕೂರಿಸಿದ ಹರಳುಗಳೆಲ್ಲ ಕಾಣುವಂತೆ.

ಈಗ ಕೆಟ್ಟ ಸುದ್ದಿ. ಗೆಲುವಿನ ಕಲ್ಲು ಕೆತ್ತುವ ಕೆಲಸ ನನಗೇ ಬಂದಿದೆ. ಟೋಕ್ ಹಿಶ್ ನಿಂತಿರಬೇಕು, ಅವನ ಕಾಲಡಿ ಸೆರೆಯವನು ಮಂಡಿಯೂರಿರಬೇಕು, ಕಿವಿಯಲ್ಲಿ ಕಾಗದ, ತೊಡೆಯ ಮೇಲೆ ಹೆಸರು: ಯಾಶ್ ಮುತ್. ಕಲ್ಲು ನಿಲ್ಲಿಸುವ ದಿನವೇ ಸೆರೆಯವನ ತಲೆ ಹೋಗುತ್ತದೆ. ಎಂದರೆ ನನ್ನ ಉಳಿ ನಡೆದಷ್ಟೂ ಅಪ್ಪನ ದಿನ ನಡೆಯುತ್ತದೆ. ಟೋಕ್ ಹಿಶ್‌ನ ಮಂಡಿಚಿಪ್ಪನ್ನೇ ಕೆತ್ತುತ್ತಾ ಕೂತಿದ್ದೇನೆ. ಮೇಲ್ವಿಚಾರಣೆಯ ಲಿಪಿಕಾರ ಬಂದು, ಮಂಡಿ ಬಹಳ ಜೀವಂತವಾಗಿದೆ ಎಂದು ಹೊಗಳಿಹೋದ.

ಬಾಯಿ ಬಿಡು ಎನ್ನುತ್ತೀಯ. ಬಿಡುತ್ತೇನೆ. ಯಾರ ಹತ್ತಿರ, ಯಾವಾಗ ಎಂಬುದನ್ನು ನೋಡಿಕೊಳ್ಳಲು ಬಿಡು.

ನಿನ್ನ ತಮ್ಮ,
ಬಾತ್ಸ್


ಉಶ್‌ಹಾ
ಒಂಬತ್ತು ಮೆನ್

ಬಾತ್ಸ್,

ಅಮ್ಮ ನಿನಗೆ ಕೋತಿಯ ಹೆಸರಿಟ್ಟಳು, ಸುಮ್ಮನಲ್ಲ. ಮರದ ತುದಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಕೂಗುವ ಕೋತಿ. ಬೇಕಾದಾಗ ಮಾತ್ರ ದನಿ ಇಲ್ಲ ನಿನಗೆ. ಯಾರ ಹತ್ತಿರ, ಯಾವಾಗ ಎಂದು ನೋಡುತ್ತಾನಂತೆ! ನಿಧಾನ ನಿನಗೆ ಹುಟ್ಟುಗುಣ, ಈಗ ಅದಕ್ಕೆ ಉಪಾಯವೆಂದು ಹೆಸರಿಟ್ಟಿದ್ದೀಯ.

ಕೇಳು. ಗುಡ್ಡದ ಕಾವಲುಗಾರನ ಹೆಂಡತಿ ಜೋಳ ಅರೆಯುವಾಗ ನನ್ನ ಪಕ್ಕ ಬಂದು ಕೂತಳು. ಅರೆದದ್ದು ಕಡಿಮೆ, ಅತ್ತದ್ದು ಹೆಚ್ಚು. ದಾಳಿಯ ಹಿಂದಿನ ದಿನ ಹಗಲಲ್ಲೇ ಅವಳ ಗಂಡ ಕಾಡಿನ ಅಂಚಿನಲ್ಲಿ ನಿನ್ನೂರಿನವರ ಹೊಗೆ ಕಂಡು, ಓಡಿಬಂದು ಯಾಶ್ ಮುತ್‌ಗೆ ಹೇಳಿದ್ದನಂತೆ. ದೊರೆ ಅವನಿಗೆ ಒಂದು ಬಟ್ಟೆ ಕೊಟ್ಟು, ಗದ್ದಲ ಮಾಡಬೇಡ ಎಂದನಂತೆ. ಆಮೇಲೆ ಅಪ್ಪನಿಗೆ ಹೇಳಿಕಳಿಸಿದ್ದು.

ಹೊಸ ಹೂ ಹದಕ್ಕೆ ಬರಬೇಕು, ಮಾಡಿದವನ ಉಸಿರು ತಗುಲಬೇಕು! ಆ ಉಸಿರನ್ನೇ ನಿಲ್ಲಿಸುವ ಲೆಕ್ಕ ಅದು. ನಾನು ಈ ಕೈಯಿಂದಲೇ ಅಪ್ಪನ ಹಿಂದೆ ನಿಂತು ತೂಕದ ಮಣಿ ಕಟ್ಟಿದೆ.

ಇವತ್ತು ಯಾಶ್ ಮುತ್‌ನ ಹೆಂಡತಿ ಮನೆಗೆ ಬಂದಿದ್ದಳು, ಕಾಲು ಕಟ್ಟಿದ ಒಂದು ದೊಡ್ಡ ಕೋಳಿಯನ್ನು ಆಳಿನ ಹೆಗಲ ಮೇಲೆ ಹೊರಿಸಿಕೊಂಡು. ನಿಮ್ಮಪ್ಪ ಊರು ಉಳಿಸಿದರಮ್ಮಾ ಎಂದಳು. ಊರನ್ನಲ್ಲ, ನಿಮ್ಮ ಗಂಡನನ್ನು ಎಂದೆ. ಅವಳಿಗೆ ಕೇಳಿಸಲಿಲ್ಲ. ಅಂಗಳಕ್ಕೆ ಹೋಗಿ ಕೋಳಿಯ ಕಾಲಿನ ಹಗ್ಗ ಬಿಚ್ಚಿ ಹೊರಗೆ ಅಟ್ಟಿದೆ. ಬಿಡಿಸಿಕೊಳ್ಳುವ ಯೋಗ ಅದಕ್ಕಾದರೂ ಇರಲಿ.

ಇನ್ನು ನಿನ್ನ ಮಂಡಿಚಿಪ್ಪಿನ ಕಥೆ ನನಗೆ ಬೇಡ. ಹೋಗು, ಹೇಳು.

ಸದ್ಯಕ್ಕೆ ಇನ್ನೂ ಅಕ್ಕ,
ಇಶ್ ಮುಯಾಲ್


ಸಾಕ್‌ವಿಟ್ಸ್
ಆರು ಚಿಕ್‌ಚಾನ್

ಅಕ್ಕಾ,

ಹೇಳಿದೆ. ನೇರ ಟೋಕ್ ಹಿಶ್‌ಗೇ ಹೇಳಿದೆ. ಕಲ್ಲು ನೋಡಲು ಬಂದಿದ್ದ. ಅವನ ಹೂಗಳು ಎಷ್ಟು ದೊಡ್ಡವೆಂದರೆ ಆಚೀಚೆ ತಿರುಗಲಾರ. ಕೇಳಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ತಿರುಗಿಸಿದ. ಪೂರ್ತಿ ಕೇಳಿದ. ಸಿಟ್ಟಾಗಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಹೂ ಯಾರ ಕಿವೀಲಿತ್ತು?" ಎಂದ.

ನಮ್ಮಪ್ಪನ ಕಿವಿಯಲ್ಲಿ ಎಂದೆ.

"ಪಲ್ಲಕ್ಕೀಲಿ ಕೂತಿದ್ದೋನು ಯಾರು?"

ಅವನೇ ಎಂದೆ.

"ಮತ್ತೆ ದೊರೆ ಅಂದ್ರೆ ಇನ್ನೇನಯ್ಯಾ? ಒಳಗೆ ಬೇರೆ ಇನ್ನೊಂದು ಇರುತ್ತಾ?"

ಅವನೇ ಮುಂದುವರಿಸಿದ. 'ಯಾಶ್ ಮುತ್‌ನ ಒಡೆಯ' ಎಂಬ ಬಿರುದು ತೊಟ್ಟಾಗಿದೆಯಂತೆ. ಕೋಕೋ ಕುಡಿಯುವ ಬಟ್ಟಲುಗಳ ಸುತ್ತ ಬರೆಸಿಯೂ ಆಗಿದೆಯಂತೆ, ಬೀಗರಿಗೆ ಕಳಿಸಿಯೂ ಆಗಿದೆಯಂತೆ. "ಈಗ ಕಲ್ಲು ಕುಯ್ಯೋನ ಒಡೆಯ ಅಂತ ತಿದ್ದಿಸ್ಲಾ? ಅಂಥೋರು ನಮ್ಮ ಹಿತ್ತಲಲ್ಲೇ ಬೇಕಾದಷ್ಟು ಜನ ಇದಾರೆ." ಈ ಮಾತು ಇನ್ನೊಬ್ಬರ ಕಿವಿಗೆ ಬಿದ್ದರೆ ನನ್ನ ಬೆರಳುಗಳನ್ನು ಮುರಿಯುವುದಾಗಿ, ಊಟವಾಯಿತೇ ಎಂದು ಕೇಳುವ ದನಿಯಲ್ಲಿ ಹೇಳಿ ಹೋದ.

ನೋಡಿದೆಯಾ ಚಂದವನ್ನು? ಒಬ್ಬ ದೊರೆ ಬದುಕಲಿಕ್ಕೆ ಸುಳ್ಳು ಹೇಳಿದ, ಇನ್ನೊಬ್ಬ ಬೆಳೆಯಲಿಕ್ಕೆ ಅದನ್ನು ನಂಬಿದ. ಶತ್ರುಗಳಂತೆ! ಇಷ್ಟು ಹೊಂದಾಣಿಕೆಯ ಜೋಡಿಯನ್ನು ಅಪ್ಪ ಕೂಡ ಒಂದೇ ಕಲ್ಲಿನಿಂದ ಕುಯ್ದಿರಲಿಕ್ಕಿಲ್ಲ.

ಕಲ್ಲಿಗೆ ಮುಖದ ಹೋಲಿಕೆ ಬೇಕು ಎಂಬ ನೆಪ ಹೇಳಿ, ಸೆರೆಯವರನ್ನಿಟ್ಟ ಗೂಟದ ಮನೆಗೆ ಹೋದೆ. ಅಪ್ಪ ಗೋಡೆಗೊರಗಿ ಕೂತಿದ್ದ. ಕಾವಲಿನವರು ಆಚೆ ಸರಿದಮೇಲೆ, ಟೋಕ್ ಹಿಶ್‌ಗೆ ನಿಜ ಹೇಳಿದೆ ಎಂದೆ. ಅವನ ಬಾಯಿಂದ ಆರು ವರ್ಷದ ಮೊದಲ ಮಾತು ಬಂತು.

"ಬಾಯಿ ಬಿಡು ಅಂತ ಯಾರೋ ಹೇಳ್ಕೊಟ್ಟಿದ್ದು ನಿಂಗೆ?"

"ಅಕ್ಕ."

"ಅವಳಿಗೆ ಬಾಯಿ ಜಾಸ್ತಿ. ನಿಂಗೆ ಬುದ್ಧಿ ಕಮ್ಮಿ."

ಆಮೇಲೆ ಇಬ್ಬರನ್ನೂ ಸೇರಿಸಿ ಉಗಿದ. ನಿನ್ನ ಮಾತು ಅವರು ನಂಬಿದರು ಅಂತಿಟ್ಟುಕೋ, ಆಗೇನು ಮಾಡುತ್ತಾರೆ, ನಿಜವಾದ ಯಾಶ್ ಮುತ್‌ನನ್ನು ತರಲು ಮತ್ತೆ ಉಶ್‌ಹಾಕ್ಕೆ ಹೋಗುತ್ತಾರೆ, ಆ ದಾರಿಯಲ್ಲಿ ಮೊದಲು ಸಿಗುವ ಮನೆ ಯಾರದು ಎಂದು ಕೇಳಿದ. ನಮ್ಮದೇ. ಅದರೊಳಗೆ ನೀನು.

ಅವನು ತಾನು ಯಾರೆಂದು ಹೇಳದಿರಲು ಅದೊಂದೇ ಕಾರಣವಲ್ಲ, ಅಕ್ಕ. ಕೆರೆಯ ಉತ್ತರದ ಏರಿ ಸೋರುತ್ತಿದೆ ಎಂದು ಅಪ್ಪ ಎಷ್ಟು ಮಳೆಗಾಲ ಅರಮನೆಯಲ್ಲಿ ಹೇಳಿದ, ಯಾರು ಕೇಳಿದರು? ಇಲ್ಲಿ ಅವನು ಕೆಮ್ಮಿದರೂ ಲಿಪಿಕಾರ ಓಡಿಬಂದು, ದೊರೆ ಏನಂದರು ಎಂದು ಕೇಳಿ ಬರೆದುಕೊಳ್ಳುತ್ತಾನೆ. "ಕಿವೀಲಿ ಹೂ ಇದ್ರೆ ಬಾಯಿಗೆ ಬೆಲೆ ಬರತ್ತೆ ಕಣೋ. ನಾನು ಒಂದೇ ಬೆಳಿಗ್ಗೆ ಇಟ್ಕೊಂಡಿದ್ದು. ಇನ್ನೂ ಅದರ ಬಡ್ಡೀಲಿ ಮಾತಾಡ್ತಿದೀನಿ." ಹೇಳುವಾಗ ಅವನ ಮುಖದಲ್ಲಿ ನಗು ಇತ್ತು. ಆ ನಗು ಕಂಡು ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇನ್ನೂ ತಿಳಿದಿಲ್ಲ.

ಹೊರಡುವಾಗ ನಾನು ಬರೆದ ನಕ್ಷೆ ಕಸಿದುಕೊಂಡು ನೋಡಿದ. "ಪಟ್ಟಿ ಹಾಕಿದ್ರೆ ಹಾಲೆ ಹೀಗೆ ಹಿಂದಕ್ಕೆ ಬೀಳಲ್ಲ. ಹಿಂದ್ಗಡೆ ಭಾರ ಎಲ್ಲಿದೆ? ಸುಕ್ಕುಗಟ್ಟಿ ಮುಂದಕ್ಕೆ ಮುದುರತ್ತೆ. ನೋಡು, ಮುಟ್ಟಿ ನೋಡು." ಮುಟ್ಟಿದೆ.

ಬಾತ್ಸ್


ಉಶ್‌ಹಾ
ಏಳು ಕವಾಕ್

ತಮ್ಮಾ,

ಅಪ್ಪನ ಮೇಲೆ ಸಿಟ್ಟು ಬಂದು ಅವನು ಕಲ್ಲು ಕುಯ್ಯುವ ನೂಲಿನ ಉಂಡೆ, ಮರಳಿನ ಕುಡಿಕೆಗಳನ್ನೆಲ್ಲ ಅಂಗಳಕ್ಕೆ ಎಸೆದೆ. ಆಮೇಲೆ ಒಂದೊಂದಾಗಿ ಆರಿಸಿ ತಂದೆ. ಬಡ್ಡಿಯಲ್ಲಿ ಮಾತಾಡುತ್ತಾನಂತೆ. ಅಸಲು ಯಾರು ಕಟ್ಟುವುದು?

ನಿನ್ನೆ ಯಾಶ್ ಮುತ್ ನನ್ನನ್ನು ಕರೆಸಿದ. ಇಷ್ಟು ದಿನ ಬರಿಗಿವಿಯಲ್ಲಿ ಹೊರಬರಲು ನಾಚಿಕೆ. ತಲೆಗೆ ಕಿವಿಮುಚ್ಚುವ ಬಟ್ಟೆ ಸುತ್ತಿಕೊಂಡು, ಹಲ್ಲುನೋವಿನವನಂತೆ ಚಾಪೆಯ ಮೇಲೆ ಕೂತಿದ್ದ. ಕಟಾವಿನ ಹೊತ್ತಿಗೆ ಹೊಸ ಜೋಡಿ ಬೇಕಂತೆ. ಅಪ್ಪ ಹೋದಮೇಲೆ ಈ ಊರಿನಲ್ಲಿ ಹಸಿರುಕಲ್ಲು ಕುಯ್ಯಬಲ್ಲವಳು ನಾನೊಬ್ಬಳೇ. ಹಿಂದಿನ ಜೋಡಿ ಎಲ್ಲಿ ಎಂದು ಜನ ಕೇಳಿದರೆ ಏನು ಹೇಳುತ್ತೀರಿ ಎಂದೆ.

ಅದಕ್ಕೂ ಉತ್ತರ ತಯಾರಿಟ್ಟಿದ್ದ. "ನಿಮ್ಮಪ್ಪ ಕದ್ದ ಅಂತ ಹೇಳೋಣ. ಕದ್ದು ತೊಟ್ಕೊಂಡು ಮೆರೆಯಕ್ಕೆ ಹೋಗಿ ಸಿಕ್ಕಿಬಿದ್ದ. ನಿನ್ನ ಮೇಲೇನೂ ತಪ್ಪು ಹೊರಿಸಲ್ಲ, ಹೆದರಬೇಡ."

ಬಾತ್ಸ್, ಅವನು ಅದನ್ನು ಉಪಕಾರ ಮಾಡುವವನ ಮುಖದಲ್ಲಿ ಹೇಳಿದ. ಜೀವ ತೆಗೆದುಕೊಂಡವನಿಗೆ ಹೆಸರೂ ಬೇಕಾಯಿತು. ಆಗಲಿ, ಕಟಾವಿಗೆ ತರುತ್ತೇನೆ ಎಂದೆ. ನನ್ನ ಬಾಯಿ ನಿನಗೆ ಗೊತ್ತು. ಅದು ಆಗಲಿ ಎಂದಿತೆಂದರೆ ಒಳಗೆ ಏನು ಕುದಿಯುತ್ತಿತ್ತೆಂದು ನೀನೇ ತಿಳಿದುಕೋ.

ಈಗ ನನ್ನ ಮಾತು ಬದಲಾಗಿದೆ. ಅಪ್ಪನನ್ನು ಬಿಡಿಸುವ ದಾರಿ ಇದ್ದರೆ ಬಿಡಿಸು, ಕಾವಲಿನವರ ಕಾಲು ಹಿಡಿ, ಕೈಗೆ ಲಂಚದ ಕೋಕೋ ಬೀಜ ಹಾಕು. ದಾರಿ ಇಲ್ಲದಿದ್ದರೆ ಆ ಕಲ್ಲಿನ ಮೇಲೆ ಅಪ್ಪನ ಹೆಸರು ಒಂದು ಗೀಟೂ ಬರಬಾರದು. ಯಾಶ್ ಮುತ್ ಎಂದೇ ಕೆತ್ತು. ಆಳವಾಗಿ ಕೆತ್ತು. ತೊಡೆಯ ಮೇಲೆ ಕೆತ್ತಿದ್ದನ್ನು ಯಾರೂ ತೊಡೆಯಲಾರದಂತೆ ಕೆತ್ತು.

ಅಕ್ಕ


ಸಾಕ್‌ವಿಟ್ಸ್
ಐದು ಓಕ್

ಅಕ್ಕಾ,

ದಾರಿ ಇರಲಿಲ್ಲ. ಕಾವಲಿನವರು ಕೋಕೋ ಬೀಜ ಇಸಿದುಕೊಂಡರು, ಬಾಗಿಲು ಬಿಡಲಿಲ್ಲ. ನನ್ನ ನಿಧಾನ ಲಿಪಿಕಾರನ ಕಣ್ಣಿಗೆ ಬಿದ್ದು, ಇನ್ನಿಬ್ಬರು ಕೆತ್ತುವವರನ್ನು ನನ್ನ ಅಕ್ಕಪಕ್ಕ ಕೂರಿಸಿದ. ಅವರು ಬಹಳ ಒಳ್ಳೆಯ ಕೆಲಸಗಾರರು. ಅವರ ಕೈ ಮುರಿಯಲಿ.

ಕಲ್ಲನ್ನು ನಿನ್ನೆ ನಿಲ್ಲಿಸಿದರು.

ಅಪ್ಪನನ್ನು ಕರೆತಂದು ಅದರ ಮುಂದೆ ನಿಲ್ಲಿಸಿದಾಗ, ಹಗ್ಗ ಕಟ್ಟಿದ್ದ ಕೈಗಳನ್ನು ಎತ್ತಿ ಕೆತ್ತನೆಯ ಕಿವಿಯ ಮೇಲೆ ಹೆಬ್ಬೆರಳು ಆಡಿಸಿದ. ಮಾಡಿದ್ದನ್ನು ಹೇಗೆ ಪರೀಕ್ಷೆ ಮಾಡುತ್ತಿದ್ದನೋ ಹಾಗೇ, ಕಣ್ಣು ಮುಚ್ಚಿಕೊಂಡು.

"ಎಡಗಿವಿ ಸ್ವಲ್ಪ ದಪ್ಪ ಆಯ್ತು" ಎಂದ.

ಲಿಪಿಕಾರ ಬಂದು, ದೊರೆಗಳ ಕೊನೆಯ ಮಾತೇನು ಎಂದು ಕೇಳಿದ. ಅಪ್ಪ ಗಂಟಲು ಸರಿಮಾಡಿಕೊಂಡು, ಉಶ್‌ಹಾದ ಕೆರೆಯ ಉತ್ತರದ ಏರಿ ಸೋರುತ್ತಿದೆ, ಮಳೆಗೆ ಮುಂಚೆ ಕಟ್ಟಿಸಬೇಕು ಎಂದ. ಬರೆದುಕೊಂಡರು. ಅದರ ಒಳಾರ್ಥವೇನೆಂದು ಇವತ್ತು ಪಂಡಿತರೆಲ್ಲ ಕೂತು ಚರ್ಚಿಸುತ್ತಿದ್ದಾರೆ. ಕೆರೆ ಎಂದರೆ ಪಾತಾಳ, ಏರಿ ಎಂದರೆ ವಂಶ ಎಂದು ಒಬ್ಬ ಹೇಳಿದ. ನಾನು ಎದ್ದು ಹೊರಗೆ ಬಂದೆ. ಇನ್ನೊಂದು ಕ್ಷಣ ಅಲ್ಲಿದ್ದಿದ್ದರೆ ಅವನ ತಲೆಗೆ ಉಳಿ ಇಡುತ್ತಿದ್ದೆ.

ಆಮೇಲಿನದನ್ನು ಬರೆಯುವುದಿಲ್ಲ. ಬೇಗ ಮುಗಿಯಿತು, ಅಷ್ಟೇ.

ತೊಡೆಯ ಮೇಲೆ ಯಾಶ್ ಮುತ್ ಎಂದೇ ಇದೆ. ಬೆರಳಿನ ಗೆಣ್ಣು ಮುಳುಗುವಷ್ಟು ಆಳ. ನೋಡಲು ಸುತ್ತಲಿನ ಊರುಗಳಿಂದೆಲ್ಲ ಜನ ಬರುತ್ತಿದ್ದಾರೆ, ಕೂಚ್ ಕೂಡ ಮುಟ್ಟಿ ನೋಡಿದ.

ಎಡಗಿವಿಯನ್ನು ಇವತ್ತು ಬೆಳಿಗ್ಗೆ ತೆಳು ಮಾಡಿದೆ.

ಬಾತ್ಸ್


ಉಶ್‌ಹಾ
ಏಳು ಚಿಕ್‌ಚಾನ್, ಕಟಾವು ಮುಗಿದಿದೆ

ತಮ್ಮಾ,

ಅಳುವುದು ಆಮೇಲೆ ಎಂದುಕೊಂಡು ನಿನ್ನ ಪತ್ರ ಮಡಿಸಿಟ್ಟೆ. ಮೊದಲು ಒಂದು ಕೆಲಸ ಇತ್ತು.

ಕಟಾವಿನ ಸಭೆಗೆ ಊರೆಲ್ಲ ಸೇರಿತ್ತು. ಯಾಶ್ ಮುತ್ ಬಟ್ಟೆ ಸುತ್ತಿಕೊಂಡೇ ಮೆಟ್ಟಿಲ ಮೇಲೆ ಬಂದು, ಕಲ್ಲು ಕುಯ್ಯುವವನೊಬ್ಬ ಹೂ ಕದ್ದ ಕಥೆಯನ್ನು ಶುರುಮಾಡಿದ. ನಾನು ಹೊಸ ಜೋಡಿ ತಂದಿದ್ದೇನೆಂದೇ ಅವನ ನಂಬಿಕೆ. ನಡುವೆ ಎದ್ದು ನಿಂತು, ಇವರು ಯಾರು ಎಂದು ಜನರನ್ನು ಕೇಳಿದೆ.

"ಏನ್ ಹಾಗಂದ್ರೆ? ನಾನು ಯಾಶ್ ಮುತ್" ಎಂದ.

ಯಾಶ್ ಮುತ್ ಸಾಕ್‌ವಿಟ್ಸ್‌ನಲ್ಲಿ ಸತ್ತರು, ಕಲ್ಲಿನ ಮೇಲೆ ಹೆಸರಿದೆ, ಕೂಚ್ ಮುಟ್ಟಿ ನೋಡಿ ಬಂದಿದ್ದಾನೆ ಎಂದೆ. ಕೂಚ್ ಹೊರೆ ಇಳಿಸಿ, ಹೌದು ಎಂದು ಬೆರಳು ತೋರಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸತ್ತದ್ದು ಕಲ್ಲಿನವನು ಕಣೇ, ಬದುಕಿರುವವನು ನಾನು ಎಂದು ಅವನು ಕಿರುಚಿದ. ತನ್ನ ಹೆಸರಿನಲ್ಲಿ ಇನ್ನೊಬ್ಬ ಸತ್ತನೆಂದು ಒಪ್ಪಿಕೊಂಡೆ ಎಂದು ಕಿರುಚಿದಮೇಲೆ ಅವನಿಗೆ ಹೊಳೆಯಿತು.

ನಾನು ಬಹಳ ಮರ್ಯಾದೆಯಿಂದ ಕೇಳಿದೆ. "ಹೌದಾ ಸ್ವಾಮಿ? ನೀವೇ ಯಾಶ್ ಮುತ್ ಆದ್ರೆ ಟೋಕ್ ಹಿಶ್ ಹಿಡಿದಿದ್ದು ತಪ್ಪು ಮನುಷ್ಯನ್ನ. ಕೂಚ್ ನಾಳೆ ಅಲ್ಲಿಗೇ ಹೊರಟಿದಾನೆ. ನೀವು ಇಲ್ಲಿದೀರಿ ಅಂತ ಹೇಳಿ ಕಳಿಸ್ಲಾ?"

ಅಪ್ಪ ಹೆದರಿದ್ದು ಇದಕ್ಕೇ, ಗೊತ್ತು. ಕಳಿಸುವವಳಲ್ಲ ನಾನು. ಅವನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಜನ ಕತ್ತು ಚಾಚಿದರು, ಅವನಿಗೆ ಹೆಸರು ಬೇಕೋ ಜೀವ ಬೇಕೋ ನೋಡೋಣವೆಂದು. ಅವನು ಮೆಟ್ಟಿಲು ಇಳಿದು ಜನರ ನಡುವಿನಿಂದ ನಡೆದುಹೋದ. ಯಾರೂ ದಾರಿ ಬಿಡಲಿಲ್ಲ. ಯಾರೂ ತಡೆಯಲೂ ಇಲ್ಲ. ಅವನ ಸೋದರತ್ತೆಯನ್ನು ದೊರೆಯ ಚಾಪೆಯ ಮೇಲೆ ಕೂರಿಸಿದ್ದಾರೆ. ಮುದುಕಿಯ ಕಿವಿಯಲ್ಲಿ ಬರೀ ಚಿಪ್ಪಿನ ಹೂ. ಮಾತು ಮಾತ್ರ ಕೊಡಲಿಯೇಟು.

ಅವನ ಹೆಂಡತಿ ತವರಿಗೆ ಹೋದಳು. ಹೆಸರಿಲ್ಲದವನಿಗೆ ಯಾರ ಮನೆಯ ಗಂಜಿ? ಮೊನ್ನೆ ನಮ್ಮ ಬಾಗಿಲಿಗೆ ಬಂದು ನಿಂತ. ಒಳಗೆ ಕರೆದೆ. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂರಿಸಿ, ಒಂದು ದೊಡ್ಡ ಹಸಿರುಕಲ್ಲು ಮುಂದಿಟ್ಟು, ನೂಲು, ಒದ್ದೆ ಮರಳು ಕೈಗೆ ಕೊಟ್ಟೆ. ಎಳೆಯುತ್ತಿದ್ದಾನೆ. ದಿನವೆಲ್ಲ ಎಳೆದರೂ ಉಗುರಿನ ಗೀರಿನಷ್ಟೂ ಇಳಿದಿಲ್ಲ. ಇವತ್ತು ಬೆಳಿಗ್ಗೆ ಬೊಬ್ಬೆ ಬಂದ ಅಂಗೈ ಚಾಚಿ, ಇದು ಯಾವಾಗ ಮುಗಿಯುತ್ತದಮ್ಮಾ ಎಂದು ಕೇಳಿದ.

ಅವನ ಕಿವಿಯಲ್ಲಿ ಏನೂ ಇರಲಿಲ್ಲ. ನನಗೆ ಕೇಳಿಸಲಿಲ್ಲ.

ಇಶ್ ಮುಯಾಲ್